ಇದ್ದಿಲ ಮೋಟಾರು ಗೆಲ್ಲುತ್ತಿದ್ದ ಬಗೆ

ಈರಣ್ಣ, ಲೈಸೆನ್ಸ್ ಕೈಗೆ ಬಂದ ದಿನ ನೀನು ನನ್ನ ಕಾಲಿಗೆ ಬಿದ್ದು ಎದ್ದವನೇ ಒಂದು ಮಾತು ಕೇಳಿದೆ. “ಅಜ್ಜೀ, ಅಜ್ಜ ದಿನಾ ಹೆಂಗ ಗೆಲ್ತಿದ್ದ? ಎಲ್ಲಾರೂ ಹೇಳ್ತಾರ, ಹೆಂಗ ಅಂತ ಯಾರೂ ಹೇಳೂದಿಲ್ಲ.” ನಾನು ಒಲೆಯ ಕಡೆ ತಿರುಗಿ ಬೆಲ್ಲ ಹುಡುಕುವವಳ ಹಾಗೆ ಮಾಡಿದೆ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವ ಕೆಲಸವಲ್ಲ. ಹತ್ತಿಮತ್ತೂರಿನ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಕಲಿತೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಈಗಲೂ ಅದನ್ನೇ ಮಾಡುತ್ತಿದ್ದೇನೆ.

ನಿನ್ನ ಕೋಣೆಯ ಗೋಡೆಗೆ ನೆಲಕ್ಕೆ ಮಲಗಿದಂಥ ಒಂದು ಕಾರಿನ ಚಿತ್ರ ಅಂಟಿಸಿದ್ದೀಯ. ಅಂಥ ಓಟಕ್ಕೇ ಹೋಗುತ್ತೇನೆ ಅನ್ನುತ್ತೀಯ. ನಿನ್ನ ತಮ್ಮ ಮಹಾದೇವ ಇಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಿದ್ದಾನೆ. ನೀನು ಓಡಿಸುವುದು, ಅವನು ಸಜ್ಜು ಮಾಡುವುದು ಎಂದು ಇಬ್ಬರೂ ಮಾತಾಡಿಕೊಳ್ಳುವುದು ಕಿವಿಗೆ ಬೀಳುತ್ತದೆ. ಹಾಗಾದರೆ ಇಬ್ಬರೂ ಓದಿರಿ. ನಿಮ್ಮ ಅಜ್ಜನ ಹೆಸರನ್ನು ನಾನು ಬಾಯಲ್ಲಿ ತಂದವಳಲ್ಲ, ಬರೆಯುವುದಕ್ಕೂ ಕೈ ಬರುವುದಿಲ್ಲ. ಬೇರೆಯವರು ಕರೆದದ್ದನ್ನು ಬರೆಯುವಾಗ ಬಂದರೆ ಬರಲಿ.

ನನ್ನ ಕೆಲಸ ಇದ್ದಿಲಿನದು. ಇಸ್ತ್ರಿಯವರಿಗೆ, ಕಮ್ಮಾರರಿಗೆ ಇದ್ದಿಲು ಕೊಟ್ಟು ನಿಮ್ಮ ಅಪ್ಪನನ್ನು ಬೆಳೆಸಿದೆ. ಹೋದ ವರ್ಷ ಜರಡಿ ಕೆಳಗಿಟ್ಟೆ. ಆದರೆ ಆ ಕೆಲಸವನ್ನು ನಾನು ಕಲಿತದ್ದು ಇಸ್ತ್ರಿಯವರಿಗಾಗಿ ಅಲ್ಲ, ಒಂದು ಮೋಟಾರು ಇನ್ನೊಂದು ಮೋಟಾರನ್ನು ಸೋಲಿಸುವುದಕ್ಕಾಗಿ.

ಆಗ ಹಾನಗಲ್ಲಿನಿಂದ ಬಂಕಾಪುರ, ಶಿಗ್ಗಾಂವ ಹಾದು ಸವಣೂರಿಗೆ, ಅಲ್ಲಿಂದ ಮುಂದೆ ರೈಲು ಟೇಸನ್ನಿಗೆ ಎರಡು ಸರ್ವಿಸ್ ಮೋಟಾರು ಓಡುತ್ತಿದ್ದವು. ಹಸಿರು ಬಣ್ಣದ್ದು ಹಾನಗಲ್ಲಿನ ಅಂದಾನೆಪ್ಪ ಸಾವಕಾರರದು, ಅದರ ಡ್ರೈವರ್ ನಿಮ್ಮ ಅಜ್ಜ. ಕೆಂಪು ಬಣ್ಣದ್ದು ಶಿಗ್ಗಾಂವದವರದು, ಅದರ ಡ್ರೈವರ್ ಫಕೀರಪ್ಪ. ಇಂತಿಷ್ಟು ಹೊತ್ತಿಗೆ ಇಂತಲ್ಲಿ ಎಂಬ ಕಟ್ಟಳೆ ಇರಲಿಲ್ಲ. ಎರಡೂ ಬೆಳಿಗ್ಗೆ ಒಟ್ಟಿಗೇ ಬಿಡುತ್ತಿದ್ದವು. ದಾರಿಯಲ್ಲಿ ಕಾಯುವವರು ಮೊದಲು ಬಂದದ್ದನ್ನು ಹತ್ತುತ್ತಿದ್ದರು. ಸವಣೂರಿನ ಎಲೆ ವ್ಯಾಪಾರಿಗಳು ವೀಳ್ಯದೆಲೆಯ ಪುಟ್ಟಿಗಳನ್ನು ಮೊದಲು ಮುಟ್ಟಿದ ಮೋಟಾರಿಗೇ ಏರಿಸುತ್ತಿದ್ದರು, ರೈಲು ತಪ್ಪಿದರೆ ಎಲೆ ಬಾಡುತ್ತದಲ್ಲ. ಎರಡನೆಯವನಿಗೆ ಉಳಿಯುತ್ತಿದ್ದದ್ದು ಮೊದಲಿನವನು ಎಬ್ಬಿಸಿದ ಧೂಳು. ಅದಕ್ಕೇ ಅದು ದಿನವೂ ಪಂದ್ಯ. ನಿನ್ನ ಚಿತ್ರದ ಕಾರಿಗೆ ವರ್ಷಕ್ಕೆ ಕೆಲವು ಸಲ ಓಟ ಇರಬಹುದು, ಇವರಿಗೆ ಹಬ್ಬಕ್ಕೂ ಬಿಡುವಿರಲಿಲ್ಲ.

ನಿಮ್ಮ ಅಜ್ಜ ಮಾಸೂರಿನವರು. ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದವರು, ಮೋಟಾರು ತೊಳೆಯುವುದಕ್ಕೆ ಸೇರಿ, ಹ್ಯಾಂಡಲ್ ಹೊಡೆಯುವುದು ಕಲಿತು, ಸ್ಟೇರಿಂಗ್ ಹಿಡಿದವರು. ಪೆಟ್ರೋಲಿನ ದಿನಗಳಲ್ಲಿ ಅವರು ಗೆಲ್ಲುತ್ತಿದ್ದ ಬಗೆ ಸರಳ. ಜೋಳದ ಚೀಲಗಳನ್ನು ಟಾಪಿನ ಮೇಲೆ ಹಾಕಗೊಡುತ್ತಿರಲಿಲ್ಲ. ಮೇಲೆ ಭಾರವಿದ್ದರೆ ತಿರುವಿನಲ್ಲಿ ಮೋಟಾರು ಹೊಯ್ದಾಡುತ್ತದೆ, ಹೊಯ್ದಾಡಿದರೆ ಕಾಲು ಬ್ರೇಕಿಗೆ ಹೋಗುತ್ತದೆ. ಚೀಲಗಳನ್ನು ಹಿಂದಿನ ಗಾಲಿಗಳ ಮೇಲೆ ತಳದಲ್ಲಿ ಹಾಕಿಸಿ, ದಪ್ಪ ಮೈಯವರನ್ನು ಅವುಗಳ ಮೇಲೆ ಕೂಡಿಸುತ್ತಿದ್ದರು. ಏರು ಕಾಣಿಸುತ್ತಲೇ ಗೇರು ಇಳಿಸುತ್ತಿದ್ದರು, ಏರಿನ ನಡುವೆ ಇಳಿಸುವವನು ಅಲ್ಲೇ ಸೋತ ಎನ್ನುತ್ತಿದ್ದರು. ಇಂಜಿನ್ನಿನ ದನಿ ಕೇಳಿಯೇ ಎಲ್ಲ ತಿಳಿಯುತ್ತಿತ್ತು. ಒಲೆಯ ಮೇಲೆ ಬೇಳೆ ಕುದಿಯುವ ಸದ್ದು ಕೇಳಿ, “ನೀರು ಕಡಿಮಿ ಆಗ್ಯಾವ ನೋಡು” ಎಂದು ನನಗೆ ಹೇಳುವಷ್ಟು ಅವರ ಕಿವಿ ಚುರುಕು.

ಜನಕ್ಕಂತೂ ಅದು ಆಟ. “ಹೊಡೀರಿ ಶಿವಪ್ಪಣ್ಣಾ, ಕೆಂಪೀನ ಮುಂದ ಬಿಡಬ್ಯಾಡ್ರಿ!” ಎಂದು ಸೀಟಿನ ಮೇಲೆ ನಿಂತು ಕೂಗುತ್ತಿದ್ದರು. ತಪ್ಪುಗಳೂ ಆಗುತ್ತಿದ್ದವು. ಒಂದು ಮಳೆಗಾಲ ಸವಣೂರಿನ ಈಚೆಯ ಕಪ್ಪು ಎರಿ ಮಣ್ಣಿನಲ್ಲಿ ಗಾಲಿಗಳು ಜಾರುತ್ತವೆಂದು ಇವರು ಟಾಯರಿನ ಗಾಳಿ ಇಳಿಸಿದರು. ಮೆತ್ತಗಾದ ಟಾಯರು ಮಣ್ಣನ್ನು ಹಿಡಿಯುತ್ತದೆ, ಆ ಲೆಕ್ಕ ಸರಿ. ಆದರೆ ಗಾಳಿ ಹೆಚ್ಚೇ ಇಳಿದಿತ್ತು. ತಿರುವಿನಲ್ಲಿ ಟಾಯರು ಕಳಚಿಕೊಂಡು ಹೊಲದೊಳಗೆ ಉರುಳಿಕೊಂಡು ಹೋಯಿತು. ಕೋಳಿ ಬುಟ್ಟಿ ಇಟ್ಟುಕೊಂಡ ಒಬ್ಬ ಮುದುಕಿ ಕೆಸರಲ್ಲಿ ಇಳಿದು, “ಯಪ್ಪಾ ಡ್ರೈವರಾ, ನಿನ್ನ ಗಾಲಿ ನಿನಗಿಂತ ಮೊದಲ ಸವಣೂರು ಮುಟ್ಟತೈತಿ ನೋಡು” ಎಂದಳಂತೆ. ಇದನ್ನು ಇವರೇ ಮನೆಗೆ ಬಂದು ಹೇಳಿ ನಕ್ಕರು. ಆಗ ಸೋತರೂ ನಗುತ್ತಿದ್ದರು. ನಗುವ ದಿನಗಳು ಅಷ್ಟೇ ಇದ್ದವು, ಅವು ಮುಗಿದವು.

ಯುದ್ಧ ಹತ್ತಿತು. ಪೆಟ್ರೋಲು ರೇಶನ್ ಚೀಟಿಗೆ ಬಂತು, ಆಮೇಲೆ ಚೀಟಿಗೂ ಸಾಲದಾಯಿತು. ಸಾವಕಾರರು ಹುಬ್ಬಳ್ಳಿಯಿಂದ ಒಂದು ಗ್ಯಾಸಿನ ಭಟ್ಟಿ ತರಿಸಿದರು. ಮೋಟಾರಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು. ಮೇಲಿನಿಂದ ಇದ್ದಿಲು ಸುರಿದು ಮುಚ್ಚಳ ಬಿಗಿಯಬೇಕು. ಕೆಳಗೆ ಬೆಂಕಿ, ಅದನ್ನು ಎಬ್ಬಿಸಲು ಹಿಂದೆ ಕೈಯಿಂದ ತಿರುವುವ ಒಂದು ಪಂಕಾ. ಆ ಇದ್ದಿಲು ಉರಿಯಬಾರದು, ಒಳಗೇ ಕೆಂಡವಾಗಿ ಬೇಯಬೇಕು, ಆಗ ಅದರಿಂದ ಗ್ಯಾಸು ಬರುತ್ತದೆ. ಅದು ಕೊಳವೆಯಲ್ಲಿ ಹಾದು, ಧೂಳು ಹಿಡಿಯುವ ಪೆಟ್ಟಿಗೆ ದಾಟಿ, ಇಂಜಿನ್ನಿಗೆ ಹೋಗುತ್ತದೆ. ಪೆಟ್ರೋಲಿನ ಮೋಟಾರು ಹ್ಯಾಂಡಲ್ ಹೊಡೆದ ಕೂಡಲೇ ಎದ್ದರೆ, ಇದು ಹೆರಿಗೆ ಮನೆಯ ಹಾಗೆ ಕಾಯಿಸುತ್ತಿತ್ತು.

ಅದನ್ನು ಕೂಡಿಸಿಕೊಟ್ಟವರು ಸವಣೂರಿನ ಮೌಲಾಸಾಬ ಮಿಸ್ತ್ರಿ. ಬಂಡಿ ಹಳಿಯಿಂದ ಹಿಡಿದು ಹೊಲಿಗೆ ಯಂತ್ರದ ತನಕ ಯಾವುದನ್ನಾದರೂ ರಿಪೇರಿ ಮಾಡುವವರು. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಕೇಳುವ ಹಾಗೆ ಇವರಿಗೆ ಹೇಳಿದರು, “ಶಿವಪ್ಪಾ, ಅರ್ಧಾ ಇಂಜಿನ್ ನನ್ನ ಕೈಯಾಗೈತಿ, ಅರ್ಧಾ ನಿನ್ನ ಮನಿಯಾಕೀ ಕೈಯಾಗೈತಿ. ಇದ್ಲಿ ಕೆಟ್ರ ನಾನೇನು ಮಾಡ್ಲಿ?”

ಹೀಗೆ ನನ್ನ ನೌಕರಿ ಸುರುವಾಯಿತು. ಹಾನಗಲ್ಲಿನ ಪಡುವಣ ಅಡವಿಯಿಂದ ಇದ್ದಿಲು ಬರುತ್ತಿತ್ತು. ಗಟ್ಟಿ ಮರದ್ದಾಗಬೇಕು. ಜಾಲಿಯದು, ದಿಂಡಲದ್ದು ಒಳ್ಳೆಯದು. ಮಾವಿನದು ಹಗುರ, ಬೇಗ ಬೂದಿಯಾಗಿ ಕೆಳಗೆ ಕಟ್ಟಿಕೊಳ್ಳುತ್ತದೆ. ಒಂದೊಂದು ಚೂರೂ ಅಡಿಕೆಯಷ್ಟಿರಬೇಕು. ದೊಡ್ಡದಾದರೆ ನಡುವೆ ಗಾಳಿ ಹೊಕ್ಕು ಬೆಂಕಿ ಭುಗ್ಗೆನ್ನುತ್ತದೆ, ಸಣ್ಣದಾದರೆ ಉಸಿರು ಕಟ್ಟುತ್ತದೆ. ನಾನು ಕಲ್ಲಿನ ಮೇಲೆ ಒಡೆದು, ದೊಡ್ಡ ಜರಡಿಯಲ್ಲಿ ಒಮ್ಮೆ, ಸಣ್ಣ ಜರಡಿಯಲ್ಲಿ ಒಮ್ಮೆ ಹಿಡಿಯುತ್ತಿದ್ದೆ. ಮಳೆಗಾಲದಲ್ಲಿ ಒಲೆಯ ಹಿಂದೆ ಹರಡಿ ಒಣಗಿಸುತ್ತಿದ್ದೆ. ಒಂದು ಸಲ ಸಾವಕಾರರು ಅಗ್ಗಕ್ಕೆ ಸಿಕ್ಕಿತೆಂದು ಹಸಿ ಇದ್ದಿಲನ್ನು ನೇರವಾಗಿ ಡ್ರಮ್ಮಿಗೆ ಸುರಿಸಿದರು. ಬಂಕಾಪುರದ ಏರಿನಲ್ಲಿ ಮೋಟಾರು ನಿಂತು ಬರೀ ಉಗಿ ಬಿಟ್ಟಿತು. ಮಂದಿ ಇಳಿದು ನೂಕುವಾಗ ಕೆಂಪು ಮೋಟಾರು ಪಕ್ಕದಲ್ಲಿ ಹಾದು ಹೋಯಿತು. ಫಕೀರಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಶಿವಪ್ಪಾ, ಚಾ ಆದ್ರ ನನಗೂ ಒಂದು ಕಪ್ಪು ಇಡು!” ಎಂದು ಕೂಗಿದನಂತೆ. ಇವರು ಅವತ್ತು ಊಟ ಮಾಡಲಿಲ್ಲ. ನಾನು ಹೆಣ್ಣು ಹುಡುಗಿ, ಹದಿಹರೆಯ ಆಗತಾನೇ ದಾಟಿದವಳು. ನನ್ನ ಇದ್ದಿಲಿನಿಂದಲೇ ಇವರು ಗೆಲ್ಲಬೇಕು ಎಂದು ಹಟ ಹಿಡಿದು ಕೂತೆ. ಕೂದಲು, ಉಗುರು, ಉಗುಳು ಎಲ್ಲ ಕಪ್ಪಾಗಿತ್ತು. ನಿಮ್ಮ ಅಪ್ಪ ಕೂಸು, ನನ್ನ ಎದೆಹಾಲಿಗೆ ಬಾಯಿ ಹಾಕಿದರೆ ಅವನ ಮೂಗಿನ ತುದಿಯೂ ಕಪ್ಪು.

ಈಗ ನೀನು ಕೇಳಿದ ವಿಷಯಕ್ಕೆ ಬರುತ್ತೇನೆ.

ಕೆಂಪು ಮೋಟಾರಿಗೂ ಅಂಥದೇ ಭಟ್ಟಿ ಬಂತು. ಎರಡರ ಬಲವೂ ಒಂದೇ. ದಾರಿಯ ಮೇಲೆ ಯಾರೂ ಯಾರನ್ನೂ ಹಿಂದೆ ಹಾಕಲಾಗದು, ಗ್ಯಾಸಿನ ಮೋಟಾರು ಪೆಟ್ರೋಲಿನ ಹಾಗೆ ಜಿಗಿಯುವುದಿಲ್ಲ. ಒಂದು ದಿನ ಮಿಸ್ತ್ರಿ ಮತ್ತು ಇವರು ನಮ್ಮ ಅಂಗಳದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತಾಡುತ್ತಿದ್ದರು.

“ಮಿಸ್ತ್ರೀ, ಓಡೂವಾಗ ಅಂವಾ ನಾನೂ ಸಮ. ನಿಂತಾಗ ನೋಡು. ಬಂಕಾಪುರದಾಗ ಮಂದಿ ಇಳಸಾಕ, ಹತ್ತಸಾಕ ನಿಲ್ಲತೇವಿ. ಅಷ್ಟರಾಗ ಬೆಂಕಿ ಮಲಗತೈತಿ. ಮತ್ತ ಪಂಕಾ ತಿರುವಿ ಎಬ್ಬಸಬೇಕು.”

“ಹೌದು. ಹಂಗಾದ್ರ ಮಲಗಾಕ ಬಿಡಬ್ಯಾಡ.”

“ಅಂದ್ರ?”

“ನಿಂತಲ್ಲೆಲ್ಲಾ ಪಂಕಾ ತಿರುವ್ಸು. ಪಂಕಾನ ಹಿಂದ ಬ್ಯಾಡ, ಮುಂದ ಇಂಜಿನ್ನಿನ ಬಾಯಿಗೆ ಕೂಡಸ್ತೇನಿ. ಹೊಸಾ ಗ್ಯಾಸು ಕೊಳವಿ ತುಂಬ ಎಳಕೊಂಡು ಬಂದು ಅಲ್ಲೇ ಕಾಯ್ಕೋತ ನಿಂತಿರತೈತಿ. ನೀ ಬಿಟ್ಟಿ ಅಂದ್ರ ಬಾಣ.”

ಗೆಲ್ಲುವ ಬಗೆ ಅಷ್ಟೇ, ಈರಣ್ಣ. ರಸ್ತೆಯ ಮೇಲೆ ಗೆದ್ದದ್ದಲ್ಲ, ನಿಂತಲ್ಲಿ ಗೆದ್ದದ್ದು. ಪಂಕಾವನ್ನು ಡ್ರೈವರನ ಕಾಲಿನ ಹತ್ತಿರ, ಇಂಜಿನ್ನಿಗೆ ಹೊಂದಿಸಿ ಕೂಡಿಸಿದರು. ಅದರ ಹ್ಯಾಂಡಲ್ ಬಾನೆಟ್ಟಿನ ಪಕ್ಕಕ್ಕೆ ಹೊರಗೆ ಚಾಚಿತ್ತು. ಮೋಟಾರು ನಿಂತ ಕೂಡಲೇ ಕಿಲೀನರ್ ಹೊರಗೆ ನಿಂತು ಅದನ್ನು ತಿರುವುತ್ತಿದ್ದ. ಹಳೆಯ ಗ್ಯಾಸು ಅಲ್ಲೇ ಸೀಟಿನ ಪಕ್ಕದ ಒಂದು ಸಣ್ಣ ನಳಿಗೆಯಿಂದ ಹೊರಗೆ ಹೋಗುತ್ತಿತ್ತು. ಆ ನಳಿಗೆಯ ತುದಿಗೆ ಕಡ್ಡಿ ಗೀರಿದರೆ ನೀಲಿ ಉರಿ ಹತ್ತಬೇಕು, ಹತ್ತಿದರೆ ಗ್ಯಾಸು ಸರಿ ಇದೆ ಎಂದರ್ಥ. ಇವರು ಸೀಟು ಬಿಟ್ಟು ಇಳಿಯುತ್ತಿರಲಿಲ್ಲ. ಕೊಳವೆಯ ದನಿ ಕೇಳುತ್ತ, ಗ್ಯಾಸು ತುಂಬಿತು ಎನ್ನಿಸಿದ ಗಳಿಗೆಗೆ ಸೀಟಿ ಹೊಡೆಯುತ್ತಿದ್ದರು. ಫಕೀರಪ್ಪನ ಕಿಲೀನರ್ ಇನ್ನೂ ಪಂಕಾದ ಕಡೆ ಓಡುತ್ತಿರುವಾಗಲೇ ಹಸಿರು ಮೋಟಾರು ಊರ ಹೊರಗೆ.

ಸುಗ್ಗಿಯೆಲ್ಲ ಗೆದ್ದರು. ಬೇಸಿಗೆಯೆಲ್ಲ ಗೆದ್ದರು. ಸವಣೂರು ಸಂಸ್ಥಾನದ ನಾಕಾದವನು ಮೋಟಾರು ಬರುವ ಮುಂಚೆಯೇ ಅಡ್ಡಗಳ ಎತ್ತಿ ಹಿಡಿಯುತ್ತಿದ್ದನಂತೆ. ಎಲೆ ವ್ಯಾಪಾರಿಗಳು ಹೂವಿನ ಹಾರ ಹಾಕಿದರು. ನಾನು ಹೊರಗೆ ತೋರಿಸಲಿಲ್ಲ, ಆದರೆ ಇದ್ದಿಲು ಒಡೆಯುವಾಗ ಒಬ್ಬಳೇ ನಗುತ್ತಿದ್ದೆ.

ಮುಂದಿನ ಚಳಿಗಾಲ ಇವರ ತಲೆನೋವು ಸುರುವಾಯಿತು. ಸಂಜೆ ಮೋಟಾರಿನಿಂದ ಇಳಿದರೆ ಮೊಣಕಾಲು ನಡುಗುತ್ತಿದ್ದವು, ವಾಂತಿ ಬಂದಂತಾಗುತ್ತಿತ್ತು. ಮನೆಗೆ ಬಂದು ರೊಟ್ಟಿ ಮುಟ್ಟದೆ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದರು. ಬೆಳಿಗ್ಗೆ ಎದ್ದರೆ ಏನೂ ಇಲ್ಲ. ಸಾವಕಾರರು ಸ್ವತಃ ನೋಡಲು ಬಂದರು.

“ನೆದರ ಆಗೈತಿ,” ಎಂದರು. “ದಿನಾ ಗೆಲ್ಲೂ ಮನುಷ್ಯಾನ ಮ್ಯಾಲೆ ಎಷ್ಟು ಮಂದೀ ಕಣ್ಣು ಬೀಳ್ತಾವ, ಸಣ್ಣ ಮಾತೇನು? ಎಮ್ಮಿ ಹಾಲು ಹೆಚ್ಚಿಗಿ ಕೊಟ್ರ ಅದಕ್ಕ ನೆದರ ಆಗತೈತಿ, ಇಂವಗ ಆಗೂದಿಲ್ಲೇನು?”

ನಾನು ದಿನವೂ ಉಪ್ಪು, ಮೆಣಸಿನಕಾಯಿ ಇಳಿ ತೆಗೆಯುತ್ತಿದ್ದೆ. ಸಾವಕಾರರು ಅಷ್ಟಕ್ಕೇ ಬಿಡಲಿಲ್ಲ. ಡ್ರೈವರನ ಸೀಟಿನ ಮೂರೂ ಕಡೆ ದಪ್ಪ ತಾಡಪತ್ರಿಯ ಪರದೆ ಹೊಲಿಸಿ ಕಟ್ಟಿಸಿದರು. ಊರಲ್ಲಿ ನಿಂತಾಗ ಪರದೆ ಇಳಿಬಿಡಬೇಕು, ಯಾರ ಕಣ್ಣಿಗೂ ಇವರು ಬೀಳಬಾರದು. ಹೊರಟಾಗ ಎತ್ತಬೇಕು. ಅವರು ಕೆಟ್ಟ ಮನುಷ್ಯರಲ್ಲ, ಪ್ರೀತಿಯಿಂದಲೇ ಮಾಡಿಸಿದರು. ಪರದೆಗೆ ಖರ್ಚು ನೋಡಲಿಲ್ಲ. ನಾನೂ ಕೈ ಮುಗಿದೆ.

ಪರದೆ ಬಂದ ಮೇಲೆ ತಲೆನೋವು ಹೆಚ್ಚಾಯಿತು. ನೆದರು ಇನ್ನೂ ದೊಡ್ಡದಿದೆ ಎಂದು ಎಲ್ಲರೂ ಹೇಳಿದರು. ಇವರು ಸಣ್ಣ ಸಣ್ಣದನ್ನು ಮರೆಯತೊಡಗಿದರು. ಊಟ ಮಾಡಿ ಕೈ ತೊಳೆದು ಬಂದು, “ತಾಟು ಹಾಕು” ಎನ್ನುತ್ತಿದ್ದರು. ನಿಮ್ಮ ಅಪ್ಪನನ್ನು ಎತ್ತಿಕೊಂಡು, ಹೆಸರು ನೆನಪಾಗದೆ, “ಏ ಪುಟ್ಯಾ, ಏ ಪುಟ್ಯಾ” ಎಂದು ಸಾಗಿಸುತ್ತಿದ್ದರು. ಆದರೆ ಸೀಟಿನಲ್ಲಿ ಕೂತರೆ ಕೈಕಾಲು ತಾವೇ ಕೆಲಸ ಮಾಡುತ್ತಿದ್ದವು. ಗೆಲ್ಲುವುದು ನಿಲ್ಲಲಿಲ್ಲ. ಗೆಲ್ಲುವುದು ನಿಂತಿದ್ದರೆ ಯಾರಾದರೂ ವಿಚಾರ ಮಾಡುತ್ತಿದ್ದರೋ ಏನೋ.

ಆ ಯುಗಾದಿಗೆ ನಾನು ಹತ್ತಿಮತ್ತೂರಿಗೆ ತವರಿಗೆ ಹೋಗಿದ್ದೆ. ಯುದ್ಧದ ಕಾಲಕ್ಕೆ ಸರ್ಕಾರ ಕಡ್ಡಾಯವಾಗಿ ಎತ್ತುತ್ತಿದ್ದ ಕಾಳಿನ ಲೆವ್ಹಿಗೆಂದು ನಮ್ಮ ಓಣಿಯ ಒಂದು ಹಗೇವು ತೆಗೆದರು. ನೀವು ಹಗೇವು ನೋಡಿಲ್ಲ. ಜೋಳ ತುಂಬಿಡುವ ನೆಲದೊಳಗಿನ ಗುಂಡಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಬಹಳ ದಿನ ಮುಚ್ಚಿದ್ದರಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದಕ್ಕೇ ಬಾಯಿ ತೆರೆದು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುವುದು ಪದ್ಧತಿ. ದೀಪ ಆರಿದರೆ ಇಳಿಯಬಾರದು, ಉರಿದರೆ ಇಳಿಯಬಹುದು. ಅವತ್ತು ಸರ್ಕಾರದವರ ಅವಸರಕ್ಕೆ ದೀಪ ಇಳಿಸದೆ ಒಬ್ಬ ಆಳು ಇಳಿದುಬಿಟ್ಟ. ಕೂಗಿದರೆ ಉತ್ತರವಿಲ್ಲ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಇನ್ನಿಬ್ಬರು ಇಳಿದು ಅವನನ್ನು ಎಳೆದು ತಂದು ಬೇವಿನ ಕೆಳಗೆ ಮಲಗಿಸಿದರು. ಪುಣ್ಯಕ್ಕೆ ಕಣ್ಣು ಬಿಟ್ಟ. ತಲೆ ಹಿಡಿದುಕೊಂಡು, “ತೆಲಿ ಸಿಡ್ಯಾಕತ್ತೇತಿ ಯವ್ವಾ, ಕಾಲಾಗ ಬಲ ಇಲ್ಲ” ಎಂದ. ಎದ್ದು ನಿಲ್ಲಲು ಹೋಗಿ ಮೊಣಕಾಲು ನಡುಗಿ ಕುಸಿದು ವಾಂತಿ ಮಾಡಿಕೊಂಡ.

ನಾನು ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದೆ. ದಿನವೂ ಸಂಜೆ ನನ್ನ ಅಂಗಳದಲ್ಲಿ ನಾನು ನೋಡುತ್ತಿದ್ದದ್ದು ಇದನ್ನೇ. ಇವರು ಹಗೇವಿನಲ್ಲಿ ಕೂತು ಮೋಟಾರು ಓಡಿಸುತ್ತಿದ್ದಾರೆ. ನಳಿಗೆಯಿಂದ ಹೊರಬರುವ ಗ್ಯಾಸು ಪರದೆಯೊಳಗೇ ನಿಲ್ಲುತ್ತಿದೆ.

ಮರುದಿನವೇ ಹಾನಗಲ್ಲಿಗೆ ಬಂದೆ. ನಾನು ಗಂಡಸರ ಮುಂದೆ ಮಾತಾಡಿದವಳಲ್ಲ. ಆದರೂ ಮೋಟಾರಿನ ಶೆಡ್ಡಿಗೆ ಹೋಗಿ, ಸೆರಗು ಮುಂದೆಳೆದುಕೊಂಡು, ಸಾವಕಾರರೂ ಮಿಸ್ತ್ರಿಯೂ ಇವರೂ ನಿಂತಿರುವಾಗ ಹೇಳಿದೆ.

“ಇವರಿಗೆ ನೆದರಲ್ರಿ. ಗ್ಯಾಸು. ಹಗೇವಿನಾಗ ಇರತೈತಲ್ರಿ ಕೆಟ್ಟ ಗಾಳಿ, ಹಂಗ. ಪರದೆ ತಗೀರಿ. ಪಂಕಾ ತಿರುವೂವಾಗ ಇವರನ್ನ ಕೆಳಗಿಳಸ್ರಿ.”

ಯಾರೂ ನಗಲಿಲ್ಲ. ಅದನ್ನು ನಾನು ಹೇಳಲೇಬೇಕು. ಮಿಸ್ತ್ರಿಯ ಮುಖ ಗಂಭೀರವಾಯಿತು. “ತಂಗಿ ಮಾತಿನಾಗ ಅರ್ಥ ಐತ್ರಿ ಸಾವಕಾರ” ಎಂದರು.

ಸಾವಕಾರರು ಗದ್ದ ತುರಿಸಿಕೊಂಡರು. “ಹಗೇವಿನಂಗ ಅಂದ್ರ, ಹಗೇವಿನಂಗ ನೋಡಿಬಿಡೂಣಂತ. ದೀಪಾ ತರ್ರಿ.”

ಕಿಲೀನರ್ ಪಂಕಾ ತಿರುವಿದ. ಪರದೆ ಮೂರೂ ಕಡೆ ಇಳಿಸಿದರು. ಇವರು ಸೀಟಿನಲ್ಲಿ ಕೂತು ಕಾಲ ಬುಡದಲ್ಲಿ ಎಣ್ಣೆಯ ದೀಪ ಇಟ್ಟುಕೊಂಡರು. ನಾವೆಲ್ಲ ಹೊರಗೆ ನಿಂತೆವು. ದೀಪ ಆರಲಿ, ಆರಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಹೊತ್ತು ಹೋಯಿತು. ಸಾವಕಾರರು ಪರದೆ ಎತ್ತಿದರು. ದೀಪ ಉರಿಯುತ್ತಿತ್ತು. ಆರುವುದಿರಲಿ, ಕುಡಿ ಒಂದಿಷ್ಟು ಉದ್ದವೇ ಆಗಿತ್ತು.

“ನೋಡವಾ,” ಎಂದರು ಸಾವಕಾರರು, ನೊಂದುಕೊಳ್ಳದಂತೆ ಮೆಲ್ಲಗೆ. “ನಿನ್ನ ದೀಪಾನ ಹೇಳಾಕತ್ತೇತಿ. ಕೆಟ್ಟ ಗಾಳಿ ಇಲ್ಲ.”

ಇವರು ಸೀಟಿನಿಂದ ನಕ್ಕು, “ಏ, ತವರಮನಿಂದ ಹಗೇವು ಹೊತ್ಕೊಂಡು ಬಂದೀಯಲ್ಲ” ಎಂದರು. ಎಲ್ಲರಿಗೂ ಸಮಾಧಾನವಾಯಿತು. ಮಿಸ್ತ್ರಿಗೂ. ನನಗೂ ಆಯಿತು ಎಂದರೆ ನೀವು ನಂಬಬೇಕು. ಹುಟ್ಟಿದಾಗಿನಿಂದ ನಂಬಿದ ದೀಪ ಅದು. ನಮ್ಮ ಊರುಗಳಲ್ಲಿ ಎಷ್ಟೋ ಜೀವ ಉಳಿಸಿದ ದೀಪ. ಅದು ಸುಳ್ಳು ಹೇಳುತ್ತದೆ ಎಂದು ಯಾರಿಗೆ ಗೊತ್ತು? ನಾನು ಮನೆಗೆ ಹೋಗಿ ಇದ್ದಿಲು ಜರಡಿ ಹಿಡಿದೆ.

ಮಳೆಗಾಲ ಸುರುವಾಗುವ ಮುಂಚಿನ ಒಂದು ಸೋಮವಾರ. ಸಂಜೆ ಹಸಿರು ಮೋಟಾರು ಬಂತು, ಆದರೆ ಅದರ ದನಿ ಬೇರೆ ಇತ್ತು. ಗೇರು ಬದಲಿಸುವ ರೀತಿ ಇವರದಲ್ಲ. ನಾನು ಅಂಗಳಕ್ಕೆ ಬಂದೆ. ಸ್ಟೇರಿಂಗ್ ಹಿಡಿದವನು ಫಕೀರಪ್ಪ. ಇವರು ಅವನ ಪಕ್ಕದಲ್ಲಿ, ಪಾಸಿಂಜರನ ಹಾಗೆ ಕೈ ಕಟ್ಟಿ ಕೂತಿದ್ದರು.

ಫಕೀರಪ್ಪ ಇಳಿದು ಬಂದು ನನ್ನಿಂದ ದೂರ ನಿಂತು, ನೆಲ ನೋಡುತ್ತ ಹೇಳಿದ.

“ಅಕ್ಕಾರ, ಶಿಗ್ಗಾಂವದಿಂದ ಸವಣೂರಿಗೆ ಹೊಂಟಿದ್ವಿ. ಅಂವಾ ಮುಂದ, ನಾ ಹಿಂದ. ಎಂದಿನಂಗ. ನಾಕಾ ಮುಂದ ಗಾಡಿ ನಿಂತಿತ್ತು. ನಾನು, ಬಂತು ನನ್ನ ದಿನಾ ಅಂತ ಹಾರ್ನ್ ಹೊಡಕೋತ ಪಕ್ಕದಾಗ ಬಂದೆ. ನೋಡಿದ್ರ ಇಳದು ರಸ್ತೇದಾಗ ನಿಂತಾನ. ಯಾಕೋ ಶಿವಪ್ಪಾ, ಇದ್ಲಿ ಮುಗೀತೇನು ಅಂದೆ. ನನ್ನ ಮಾರಿ ನೋಡಿ, ‘ಯಣ್ಣಾ, ಈ ದಾರಿ ಯಾವೂರಿಗೆ ಹೋಗತೈತ್ರಿ?’ ಅಂದ. ಚಾಷ್ಟಿ ಮಾಡಾಕತ್ತಾನ ಅನಕೊಂಡೆ. ಮತ್ತ ಕೇಳಿದ. ನನಗ ‘ರಿ’ ಹಚ್ಚಿ ಮಾತಾಡಿದ ಅಕ್ಕಾರ. ಅಂವಾ ಎಂದೂ ನನಗ ‘ರಿ’ ಹಚ್ಚಿದಾಂವ ಅಲ್ಲ.”

ಅವನು ತನ್ನ ಮಂದಿಯನ್ನು ಕಿಲೀನರನ ಕೈಗೆ ಒಪ್ಪಿಸಿ, ತನ್ನ ಮೋಟಾರನ್ನು ಅಲ್ಲೇ ಬಿಟ್ಟು, ಇವರನ್ನು ಕರೆದುಕೊಂಡು ಬಂದಿದ್ದ. ಆ ದಿನ ಸವಣೂರಿಗೆ ಯಾವ ಮೋಟಾರೂ ಮೊದಲು ಮುಟ್ಟಲಿಲ್ಲ. ಫಕೀರಪ್ಪನ ಬಗ್ಗೆ ಯಾರಾದರೂ ಹಗುರಾಗಿ ಮಾತಾಡಿದರೆ ನನಗೆ ಈಗಲೂ ಸೇರುವುದಿಲ್ಲ.

ಸಾವಕಾರರೇ ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಕೇಳಿ ತಿಳಿದುಕೊಂಡು ಹೇಳಿದ್ದನ್ನು ಮಿಸ್ತ್ರಿ ಬಂದು ನಮ್ಮ ಹೊಸ್ತಿಲ ಮೇಲೆ ಕೂತು ಹೇಳಿದರು. ಹಗೇವಿನ ಗಾಳಿ ಬೇರೆ, ಈ ಗ್ಯಾಸು ಬೇರೆ. ಹಗೇವಿನದು ದೀಪವನ್ನೂ ಆರಿಸುತ್ತದೆ, ಮನುಷ್ಯನನ್ನೂ ಆರಿಸುತ್ತದೆ. ಇದು ದೀಪಕ್ಕೆ ಏನೂ ಮಾಡುವುದಿಲ್ಲ, ಇದು ತಾನೇ ಉರಿಯುವ ಗ್ಯಾಸು. ಇದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದೊಳಗೆ ಕೂತು ಉಸಿರಿಗೆ ಜಾಗ ಕೊಡುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪವಾಗಿ ಮಿದುಳನ್ನು ತಿಂದಿದೆ. ತಿಂದದ್ದು ಮರಳಿ ಬರುವುದಿಲ್ಲ.

“ನಾನು ನೀಲಿ ಉರೀನ ದಿನಾ ನೋಡ್ತಿದ್ದೆ ತಂಗೀ,” ಎಂದರು ಮಿಸ್ತ್ರಿ. “ಉರಿಯೂ ಗ್ಯಾಸು ದೀಪಾನ ಹೆಂಗ ಆರಸತೈತಿ ಅಂತ ಒಮ್ಮೆನೂ ತೆಲಿಗೆ ಹೊಳೀಲಿಲ್ಲ. ಇಷ್ಟು ವರ್ಷ ಕಬ್ಬಿಣಾ ಬಡದು ಏನು ಕಲ್ತೆ ನಾನು?” ಅವರು ಅಳುವುದನ್ನು ನೋಡಲಾಗದೆ ನಾನು ಒಳಗೆ ಹೋದೆ.

ಇವರು ಇನ್ನೂ ಕೆಲವು ವರ್ಷ ಇದ್ದರು. ಮೈಗೆ ಏನೂ ಆಗಿರಲಿಲ್ಲ. ಬೆಳಿಗ್ಗೆ ನಾನು ಮುಖ ತೊಳೆಸಲು ಹೋದರೆ ಸರಿದು ಕೂತು, “ನೀವು ಯಾರ ಪೈಕಿರಿ ಅಕ್ಕಾರ?” ಎಂದು ಮರ್ಯಾದೆಯಿಂದ ಕೇಳುತ್ತಿದ್ದರು. ಮೊದಮೊದಲು ಹೇಳುತ್ತಿದ್ದೆ. ಆಮೇಲೆ, “ಇಲ್ಲೇ ಮಗ್ಗಲ ಮನಿಯಾಕಿರಿ” ಎನ್ನುತ್ತಿದ್ದೆ, ಅದರಿಂದ ಅವರಿಗೆ ಸಂಕೋಚ ಕಡಿಮೆಯಾಗುತ್ತಿತ್ತು. ಕಿವಿ ಮಾತ್ರ ಹಾಗೆಯೇ ಇತ್ತು. ಕಟ್ಟೆಯ ಮೇಲೆ ಕೂತು, ಹಾದು ಹೋಗುವ ಮೋಟಾರಿನ ದನಿ ಕೇಳಿ, “ಏರಿನಾಗ ಗೇರು ಇಳಿಸಿದ ಮಗಾ, ಸೋತ” ಎನ್ನುತ್ತಿದ್ದರು. ಯುದ್ಧ ಮುಗಿದು, ಪೆಟ್ರೋಲು ಮತ್ತೆ ಸಿಗುವ ಹೊತ್ತಿಗೆ ತೀರಿಕೊಂಡರು. ಆ ಭಟ್ಟಿಯನ್ನು ಬಿಚ್ಚಿ ಎಲ್ಲೋ ಎಸೆದರು. ಅದಿಲ್ಲದೆಯೂ ಮೋಟಾರು ಓಡಿತು.

ಒಂದು ಸಂಗತಿ ಬಾಕಿ ಇದೆ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದೆ ಅನ್ನಿಸುತ್ತದೆ.

ಇವರು ಮನೆಯಲ್ಲಿ ಕೂತ ಮೇಲೆ ಹಸಿರು ಮೋಟಾರಿಗೆ ಒಬ್ಬ ಹೊಸ ಡ್ರೈವರ್ ಬಂದ. ಹಿರೇಕೆರೂರಿನ ಕಡೆಯವನು. ಕಟ್ಟುಮಸ್ತು, ನಗುಮುಖ, ಹೊಸದಾಗಿ ಮದುವೆಯಾದವನು. ಇದ್ದಿಲು ಒಯ್ಯಲು ನಮ್ಮ ಅಂಗಳಕ್ಕೆ ಬಂದಾಗ ನಾನು ಅವನನ್ನು ನಿಲ್ಲಿಸಿದೆ. ಆ ದಿನ ಸೆರಗು ಎಳೆದುಕೊಳ್ಳಲಿಲ್ಲ. ಮುಖ ಕೊಟ್ಟು ಮಾತಾಡಿದೆ. ಪಂಕಾದ ವಿಷಯ, ನಳಿಗೆಯ ವಿಷಯ, ಪರದೆಯ ವಿಷಯ, ದೀಪದ ವಿಷಯ, ಡಾಕ್ಟರರು ಹೇಳಿದ್ದು, ಎಲ್ಲವನ್ನೂ ಹೇಳಿದೆ. ಕಟ್ಟೆಯ ಮೇಲೆ ಕೂತಿದ್ದ ಇವರನ್ನು ತೋರಿಸಿದೆ. ಅವನು ಕೈಕಟ್ಟಿ ನಿಂತು ಕೇಳಿದ. ಕಣ್ಣಲ್ಲಿ ನೀರು ತಂದುಕೊಂಡ.

“ಯಪ್ಪಾ, ಎಂಥಾ ಡ್ರೈವರ್ರಿ!” ಎಂದ. “ಅಕ್ಕಾರ, ಒಂದ ಮಾತು ಕೇಳ್ತೇನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಗಾಡಿ ನಿಂತಕೂಡಲೇ ಪಂಕಾ ತಿರುವ್ತಿದ್ರೋ, ಮಂದಿ ಇಳದ ಮ್ಯಾಲೋ?”

ನಾನು ಇದ್ದಿಲಿನ ಚೀಲದ ಬಾಯಿ ಕಟ್ಟಿಕೊಟ್ಟೆ. ಅವನು ಇವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಚೀಲ ಹೊತ್ತುಕೊಂಡು ಹೋದ.

ಈರಣ್ಣ, ನೀನು ಇದನ್ನು ಓದುವಾಗ ಯಾವ ಹಾಳೆಯಲ್ಲಿ ನಿಂತು ಓದುತ್ತೀ, ಯಾವ ಹಾಳೆಗಳನ್ನು ಬೇಗ ತಿರುವುತ್ತೀ ಎಂಬುದು ನನಗೆ ಗೊತ್ತು. ಗೊತ್ತಿದ್ದೂ ಬರೆದೆ.

ಮುಂದಿನ ವಾರ ಎಲೆ ವ್ಯಾಪಾರಿಗಳು ಹೊಸ ಡ್ರೈವರನಿಗೆ ಹಾರ ಹಾಕಿದ ಸುದ್ದಿ ಬಂತು. ಸಂಜೆ ಹಸಿರು ಮೋಟಾರು ಮಂದಿ ಇಳಿಸಲು ನಮ್ಮ ಮನೆಯ ಮುಂದೆ ನಿಂತಿತು. ಸೀಟಿನ ಮೂರೂ ಕಡೆ ಪರದೆ ಇಳಿಬಿಟ್ಟಿತ್ತು.